ಕ್ಯಾಸೆಟ್ಟಿನ ನಿಯಮ

ಜಗಳ ಹತ್ತಿದ್ದು ಭಾವಮೈದುನ ಬೆಳಿಗ್ಗೆ ಊಟದ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪ್ ತೆರೆದಿಟ್ಟಾಗ.

"ಭಾವ, ಇದರಲ್ಲಿ ಬರೀರಿ. ತಪ್ಪಿದ್ರೆ ಅದೇ ತೋರಿಸುತ್ತೆ. ಆಮೇಲೆ ನಿಮ್ಮ ಹಳೇ ಪೆಟ್ಟಿಗೆಗೆ ದಾಟಿಸಿದ್ರಾಯ್ತು."

"ಬೇರೆಯವರ ಬಾಯಲ್ಲಿ ಅಗಿಸಿ ನಾನು ನುಂಗ್ಲಾ? ಮುಚ್ಚೋ ಅದನ್ನ!" ಎಂದ ಕ್ಯಾಸೆಟ್.

ಅವನು ಕನ್ನಡಕದ ಅಂಗಡಿಯವನು. ಟೇಪಿನಿಂದ ಪ್ರೋಗ್ರಾಂ ಓದುವ, ತನ್ನ ಬಾಲ್ಯದ ಹೋಮ್ ಕಂಪ್ಯೂಟರನ್ನು ಇಂದಿಗೂ ಟೀವಿಗೆ ಜೋಡಿಸಿಕೊಂಡು ಕೂರುತ್ತಿದ್ದುದರಿಂದ ಆ ಅಡ್ಡಹೆಸರು. ಹಳೇ ಕಂಪ್ಯೂಟರ್ ಕೂಟದ ಅಧ್ಯಕ್ಷನೂ ಅವನೇ, ನಿಯಮ ಮಾಡಿದವನೂ ಅವನೇ: ಪ್ರೋಗ್ರಾಂ ಹಳೇ ಯಂತ್ರದಲ್ಲೇ ಹುಟ್ಟಿ ಅದರಲ್ಲೇ ಓಡಬೇಕು, ಹೊಸತನ್ನು ಮುಟ್ಟಿದವನು ಕೂಟದಿಂದ ಹೊರಗೆ. ಮೊದಲ ಬಲಿ ಔಷಧಿ ಅಂಗಡಿಯವರು. ಸಂಜೆ ಕೂಟ ಇವನ ಮನೆಯಲ್ಲೇ. ಹೋದ ಸಲ ಎಲ್ಲರೆದುರು ಇವನು ಬರೆದ ಹಾವಿನ ವಿಡಿಯೋ ಗೇಮ್ ನಡುವೆಯೇ ಕಣ್ಣುಮುಚ್ಚಿತ್ತು; ಅದನ್ನೇ ಇಂದು ಹೊಸದಾಗಿ ಬರೆದು ತೋರಿಸಬೇಕಿತ್ತು. ಈ ಸಲವೂ ಹಾಗಾದರೆ ಅಧ್ಯಕ್ಷಗಿರಿಗೆ ಎಳ್ಳುನೀರು.

ಯಂತ್ರಕ್ಕೆ ಪ್ರೋಗ್ರಾಂ ಉಣಿಸುತ್ತ ಟೇಪು ಕಿರುಚಲಾರಂಭಿಸಿತು, ಬಾಲ ಬಾಗಿಲಿಗೆ ಸಿಕ್ಕ ಬೆಕ್ಕಿನಂತೆ. ಕೆಳಮನೆಯ ಮೇಷ್ಟ್ರು ಓಡಿಬಂದರು.

"ಏನಯ್ಯಾ ಈ ಗೋಳು? ಪೆಟ್ಟಿಗೆಯೊಳಗೇ ಬೇಸಿಕ್ ಅನ್ನೋ ಸುಲಭದ ಭಾಷೆ ಇದೆ ಅಂತಿದ್ದೆಯಲ್ಲ, ಅದರಲ್ಲೇ ಬರಿ. ಟೇಪಾದ್ರೂ ತಪ್ಪುತ್ತೆ."

"ಬೇಸಿಕ್‌ನಲ್ಲಿ ಬರೆದ್ರೆ ಹಾವು ಎರೆಹುಳದ ಥರ ತೆವಳುತ್ತೆ, ಮೇಷ್ಟ್ರೇ. ಯಂತ್ರದ ಸ್ವಂತ ಭಾಷೇಲಿ ಮಾತಾಡ್ಬೇಕು. ನಾನು ಬರೆದಿದ್ದನ್ನ ಆ ಭಾಷೆಗೆ ತಿರುಗಿಸೋಕೆ ಈ ಅಸೆಂಬ್ಲರ್ ಟೇಪೇ ಆಗ್ಬೇಕು."

ಆ ಭಾಷೆಗೆ ಕ್ಷಮೆ ಎಂಬುದು ಗೊತ್ತಿರಲಿಲ್ಲ. ಒಂದು ಅಂಕಿ ತಪ್ಪಿದರೆ ಪರದೆ ಹೆಪ್ಪುಗಟ್ಟುತ್ತಿತ್ತು. ಯಂತ್ರ ಆರಿಸಿ, ಟೇಪು ಹಿಂದಕ್ಕೆ ಸುತ್ತಿ, ಮತ್ತೆ ಮೊದಲಿಂದ. ಮತ್ತೆ ಬೆಕ್ಕಿನ ಬಾಲ, ಮತ್ತೆ ಮೇಷ್ಟ್ರು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಕಿವಿಗೆ ಹತ್ತಿ ತುರುಕಿಕೊಂಡು ಅಲ್ಲೇ ಕೂತುಬಿಟ್ಟಿದ್ದರು.

"ನೋಡೇ, ಬೆಳಿಗ್ಗೆಯಿಂದ ಓಡ್ತಿದೆ, ಒಂಚೂರೂ ಬಿಸಿಯಾಗಿಲ್ಲ! ಹಳೇ ಕಾಲದ ಗಟ್ಟಿತನ ಅಂದ್ರೆ ಇದು" ಎಂದು ಕ್ಯಾಸೆಟ್ ಹೆಂಡತಿಯನ್ನು ಕರೆದು ಬೀಗಿದ.

ಹೆಂಡತಿ ತಮ್ಮನ ಮುಖ ನೋಡಿದಳು. ತಮ್ಮನಿಗೆ ಕೆಮ್ಮು ಬಂತು.

ಸಂಜೆ ಕೂಟ ನೆರೆಯಿತು. ಔಷಧಿ ಅಂಗಡಿಯವರೂ ಬಂದರು. "ನಿಯಮ ಅಂದ್ರೆ ನಿಯಮ" ಎಂದು ಕ್ಯಾಸೆಟ್ ಅವರನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದ. ಒಳಗೆ ಹಾವು ಪರದೆ ತುಂಬ ಸರಸರನೆ ಹರಿಯಿತು. ಚಪ್ಪಾಳೆಯೋ ಚಪ್ಪಾಳೆ.

"ಇಷ್ಟು ಚುರುಕು? ಲ್ಯಾಪ್‌ಟಾಪ್ ವಾಸನೆ ಬರ್ತಿದೆಯಪ್ಪ" ಎಂದ ಸದಸ್ಯನೊಬ್ಬ.

ಕ್ಯಾಸೆಟ್ಟಿಗೆ ಮೈಯೆಲ್ಲ ಉರಿಯಿತು. ಜೇಬಿನಿಂದ ಕನ್ನಡಕದ ಸ್ಕ್ರೂಡ್ರೈವರ್ ತೆಗೆದ. "ಬಿಚ್ಚಿ ತೋರಿಸ್ತೀನಿ! ಕಣ್ಣಾರೆ ನೋಡ್ಕೊಳ್ಳಿ!"

"ಬೇಡಾಂದ್ರೆ..." ಎಂದಳು ಹೆಂಡತಿ. ಮುಚ್ಚಳ ಅಷ್ಟರಲ್ಲಿ ಕೈಗೆ ಬಂದಿತ್ತು.

ಒಳಗೆಲ್ಲ ಖಾಲಿ. ಮೂಲೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಹೊಚ್ಚಹೊಸ ಬೋರ್ಡೊಂದು, ಬಂಗಲೆಗೆ ಬಾಡಿಗೆಗೆ ಬಂದ ಇಲಿಮರಿಯಂತೆ, ಹಸಿರು ಕಣ್ಣು ಮಿಟುಕಿಸುತ್ತಿತ್ತು.

"ಹೋದ ಸಲ ಸತ್ತಿದ್ದು ನಿಮ್ಮ ಹಾವಲ್ಲಾರೀ, ಯಂತ್ರಾನೇ" ಎಂದಳು ಹೆಂಡತಿ. "ನೀವು ಊಟ ಬಿಟ್ಟು ಕೂತಿದ್ರಿ. ನೋಡಕ್ಕಾಗ್ದೆ ತಮ್ಮನ ಕೈಲಿ ಒಳಗಿಂದೆಲ್ಲ ತೆಗೆಸಿ ಈ ಹೊಸದನ್ನ ಹಾಕಿಸ್ದೆ."

ಕ್ಯಾಸೆಟ್ ಎದ್ದ. ಎದೆ ಸೆಟೆಸಿ, "ನಿಯಮ ಅಂದ್ರೆ ನಿಯಮ!" ಎಂದು ಗುಡುಗಿ, ತನ್ನ ಮನೆಯಿಂದ ತಾನೇ ಹೊರನಡೆದ.

ಔಷಧಿ ಅಂಗಡಿಯವರು ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ನಾಳೆಯಿಂದ ಕಾಗದದ ಮೇಲೇ ಬರೀತೀನಿ. ಅದರೊಳಗೆ ಯಾವನು ಏನು ತುರುಕ್ತಾನೋ ನೋಡೇಬಿಡ್ತೀನಿ! ಪೆನ್ನಿದೆಯೇನ್ರೀ?"

ಅವರು ಜೇಬು ತಡಕಿ ಕೊಟ್ಟರು. ಪೆನ್ನಿನ ತುದಿಯಲ್ಲಿ ಸಣ್ಣದೊಂದು ಹಸಿರು ದೀಪ ಮಿಟುಕಿತು.

"ಬರೆದಿದ್ದೆಲ್ಲ ಹಾಗೇ ಫೋನಿಗೆ ಹೋಗುತ್ತೆ" ಎಂದರು ಅವರು ಮೆಲ್ಲಗೆ. "ಹೊಸದಾಗಿ ತಗೊಂಡೆ."