ಟಕ್ಕೆನ್ನಲು ಒಪ್ಪದ ಮದರ್‌ಬೋರ್ಡ್ ಅವರಿಗೆ

ಮಾನ್ಯರೇ,

ರಾಯದುರ್ಗದ ನಮ್ಮ ಮನೆಯ ಮುಂಗೋಣೆಯಲ್ಲಿ, ಕಸೂತಿ ಯಂತ್ರದ ಪಕ್ಕದ ಮೇಜಿನ ಮೇಲೆ ಕಳೆದ ಶನಿವಾರದಿಂದ ವಿರಾಜಮಾನರಾಗಿರುವ ತಮಗೂ, ತಮ್ಮ ಫ್ಯಾನಿಗೂ, ತಮ್ಮ ಮೈಮೇಲಿನ ಹಸಿರು ದೀಪಕ್ಕೂ ನಮಸ್ಕಾರಗಳು. ತಾವು ಕ್ಷೇಮವೆಂದು ಈಗ ಗೊತ್ತಾಗಿದೆ. ಅಂದು ಅದು ಗೊತ್ತಾಗದೆ ನಾವು ಪಟ್ಟ ಪಾಡನ್ನು ತಮ್ಮ ಅವಗಾಹನೆಗೆ ತರುವುದಕ್ಕಾಗಿ ಈ ಪತ್ರ.

ನಮ್ಮ ಸಂಸಾರ ನಿಂತಿರುವುದು ಜೀನ್ಸ್ ಪ್ಯಾಂಟಿನ ಹಿಂಜೇಬಿನ ಮೇಲೆ. ಆ ಜೇಬಿನ ಕಸೂತಿಯ ಡಿಸೈನುಗಳನ್ನು ನಾನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ, ನನ್ನ ನಾದಿನಿ ರಾಧಾ ಯಂತ್ರದಲ್ಲಿ ಹೊಲಿಯುತ್ತಾಳೆ. ಬಳ್ಳಾರಿಯ ವ್ಯಾಪಾರಿಗೆ ಭಾನುವಾರ ಬೆಳಿಗ್ಗೆ ಹೊಸ ಮಾದರಿ ತೋರಿಸದಿದ್ದರೆ ಈ ಹಂಗಾಮಿನ ಕೆಲಸವೆಲ್ಲ ಬೇರೆಯವರ ಪಾಲಾಗುತ್ತಿತ್ತು. ಅಂಥ ಹೊತ್ತಿನಲ್ಲಿ ತಮ್ಮ ಪೂರ್ವಾಧಿಕಾರಿಗಳು ಒಂದೇ ಸಿಡಿಲಿಗೆ ನಿವೃತ್ತರಾದರು. ತಮ್ಮನ್ನು ಬರಮಾಡಿಕೊಂಡೆವು; ಕೂರಿಸಬೇಕಾದ ರಿಪೇರಿಯ ವಾಗೀಶ್ ಮಾತ್ರ ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಹೋಗಿದ್ದರು. ಸೋಮವಾರ ಬರುವುದಾಗಿಯೂ, ಅಲ್ಲಿಯವರೆಗೆ ನಾನು ಕೈ ಹಚ್ಚಬಾರದೆಂದೂ ಫೋನಿನಲ್ಲಿ ಹೇಳಿದರು. ಹಾಗೆ ಹೇಳದಿದ್ದರೆ ನಾನು ಕೈ ಹಚ್ಚುತ್ತಿರಲಿಲ್ಲವೇನೋ.

ತಮ್ಮ ಇಂಗ್ಲಿಷ್ ಕೈಪಿಡಿಯನ್ನು ಭಕ್ತಿಯಿಂದ ಓದಿದೆ. ಪವರ್ ಪೆಟ್ಟಿಗೆಯಿಂದ ಬರುವ ಅಗಲವಾದ ಪ್ಲಗ್ಗನ್ನು ಸೇರಿಸಿದೆ. ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇನ್ನೊಂದು ಪುಟ್ಟ ಪ್ಲಗ್ಗು ಬೇಕೆಂದು ತಿಳಿದಾಗ, ಬೀಗರಿಗೆ ಬೇರೆ ಪಂಕ್ತಿ ಹಾಕಿದಂತೆ ಅದನ್ನೂ ಒದಗಿಸಿದೆ. ಕೊನೆಗೆ ಉಳಿದದ್ದು ಸೀಳುಗಂಡಿಯಲ್ಲಿ ಕೂರಿಸುವ ಮೆಮೊರಿಯ ತೆಳು ಪಟ್ಟಿ. ಅದನ್ನು ‘ಫರ್ಮ್‌ಲಿ’ ಒತ್ತಬೇಕೆಂದು ಅಪ್ಪಣೆ ಕೊಡಿಸಿದ್ದೀರಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಆ ಪದಕ್ಕೆ ‘ಗಟ್ಟಿಯಾಗಿ’ ಎಂಬ ಅರ್ಥ ಗೊತ್ತಿತ್ತು, ತೂಕ ಗೊತ್ತಿರಲಿಲ್ಲ. ರೊಳ್ಳ ಎಂಬ ಊರಿನ ನನ್ನ ತವರಿನಲ್ಲಿ ರೇಷ್ಮೆಹುಳುಗಳನ್ನು ನೋಯಿಸದೆ ಎತ್ತಿಡುವುದನ್ನು ಕಲಿತ ಕೈ ನನ್ನದು. ಮೆಮೊರಿಯನ್ನೂ ಹಾಗೆಯೇ ಇಟ್ಟೆ.

ಸ್ವಿಚ್ ಹಾಕಿದಾಗ ತಮ್ಮ ಫ್ಯಾನು ತಿರುಗಿತು, ದೀಪ ಹತ್ತಿತು, ತಾವು ಬೀಪ್ ಬೀಪ್ ಎಂದು ಭಾಷಣವನ್ನೂ ಮಾಡಿದಿರಿ. ಪರದೆ ಮಾತ್ರ ಕಪ್ಪಗೇ ಇತ್ತು. ಇಷ್ಟೊಂದು ಗಾಳಿ, ಬೆಳಕು, ಸದ್ದು ಕೊಟ್ಟು ಕೆಲಸವನ್ನಷ್ಟೇ ಮಾಡದಿರುವ ಪ್ರತಿಭೆಯನ್ನು ನಾನು ಈ ಹಿಂದೆ ಕೆಲವು ಕಚೇರಿಗಳಲ್ಲಿ ಮಾತ್ರ ಕಂಡಿದ್ದೆ. ಟಾರ್ಚ್ ಹಿಡಿದು ನಿಂತಿದ್ದ ನನ್ನ ಯಜಮಾನರು ಬಾಲರಾಜು, ದೀಪ ಹತ್ತಿದ ಮೇಲೆ ಇನ್ನೇನು ಬೇಕೆಂದು ಕೇಳಿದರು. ರಾಧಾ ಸೂಜಿಗೆ ಪೋಣಿಸಿದ್ದ ದಾರವನ್ನು ಬಿಚ್ಚತೊಡಗಿದಳು. ನಾನು ಸ್ವಿಚ್ ಆರಿಸಿ, ಮೆಮೊರಿಯನ್ನು ತೆಗೆದು, ಒರೆಸಿ, ಇನ್ನೂ ಮೃದುವಾಗಿ ಇಟ್ಟೆ; ಮತ್ತೆ ಸ್ವಿಚ್ ಹಾಕಿದರೆ ಅದೇ ಬೀಪ್.

ಬಾಗಿಲ ಬಳಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದ ನನ್ನ ಅತ್ತೆ ಓಬಕ್ಕನವರು ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, “ಅದೇನ್ ಹುಳ ಏನವ್ವಾ, ಸಾಯ್ತೈತಿ ಅಂತ ಹಂಗ್ ಮುಟ್ಟಾಕ? ಒತ್ತು ಅತ್ಲಾಗ” ಎಂದರು. ಅವರ ಹೆಬ್ಬೆರಳಿನ ಕೆಳಗೆ ಒಂದು ಕಾಯಿ ಟಕ್ಕೆಂದು ಒಡೆಯಿತು. ನಾನು ಸ್ವಿಚ್ ಆರಿಸಿ, ತಮ್ಮನ್ನು ಶೇಂಗಾ ಎಂದು ಭಾವಿಸಿ, ಕಣ್ಣು ಮುಚ್ಚಿ ಒತ್ತಿದೆ. ಒಂದು ತುದಿ ಟಕ್ಕೆಂದಿತು, ಮತ್ತೊಂದು ತುದಿಯೂ ಟಕ್ಕೆಂದಿತು, ಕೊಕ್ಕೆಗಳು ತಾವಾಗಿಯೇ ಎದ್ದು ಪಟ್ಟಿಯನ್ನು ಹಿಡಿದುಕೊಂಡವು. ಮತ್ತೆ ಸ್ವಿಚ್ ಹಾಕಿದಾಗ ಪರದೆ ಬೆಳಗಿತು. ಭಾನುವಾರ ಮಾದರಿ ಬಳ್ಳಾರಿ ತಲುಪಿತು, ಕೆಲಸವೂ ನಮ್ಮದೇ ಆಯಿತು.

ಹಾಗಾದರೆ ತಪ್ಪು ತಮ್ಮದೋ ನನ್ನದೋ ಎಂದು ನಾನೂ ಯೋಚಿಸಿದ್ದೇನೆ. ಉತ್ತರ ನನಗೆ ಹಿಡಿಸಲಿಲ್ಲವಾದ್ದರಿಂದ ತಮ್ಮದೆಂದೇ ಇಟ್ಟುಕೊಳ್ಳೋಣ. ಇನ್ನು ಮುಂದೆ ತಾವು ಬೀಪ್ ಎನ್ನುವ ಬದಲು “ಇನ್ನೊಂದು ಸ್ವಲ್ಪ ಒತ್ರಿ” ಎಂದು ಕನ್ನಡದಲ್ಲಿ ಹೇಳಬೇಕು. ಕಷ್ಟವಾದರೆ ತೆಲುಗಾದರೂ ನಡೆಯುತ್ತದೆ, ಎರಡೂ ನಮ್ಮ ಮನೆಯ ಮಾತುಗಳೇ. ಕೈಪಿಡಿಯಲ್ಲಿ ‘ಫರ್ಮ್‌ಲಿ’ ಎಂಬುದನ್ನು ಹೊಡೆದು ‘ಶೇಂಗಾ ಒಡೆಯುವಷ್ಟು’ ಎಂದು ತಿದ್ದಿಸಬೇಕು. ರೇಷ್ಮೆ ಸಾಕಿದ ಮನೆಯವರ ಕೈಯನ್ನು ಗುರುತಿಸಿ, ಮೆಮೊರಿಯನ್ನು ತಾವೇ ಒಳಗೆ ಎಳೆದುಕೊಳ್ಳುವ ದೊಡ್ಡತನ ತೋರಬೇಕು.

ಹೆಬ್ಬೆರಳು ಇನ್ನೂ ನೋಯುತ್ತಿರುವ,
ತಮ್ಮ ವಿಶ್ವಾಸಿ,
ನಾಗವೇಣಿ

ಮರೆತ ಮಾತು: ಕಂಪ್ಯೂಟರ್ ರಿಪೇರಿ ಮಾಡಿದ್ದು ತಾನೇ ಎಂದು ನಮ್ಮ ಅತ್ತೆ ಓಣಿಯಲ್ಲೆಲ್ಲ ಹೇಳಿದ್ದಾರೆ. ಎದುರು ಮನೆಯವರು ಕೆಟ್ಟ ಮಿಕ್ಸಿ ತಂದಾಗ ಅತ್ತೆ ಅದನ್ನೂ ಒತ್ತಿದರು. ದುರದೃಷ್ಟಕ್ಕೆ ಅದೂ ತಿರುಗಿತು. ಆದ್ದರಿಂದ ಮುಂದೆ ತಾವು ಮುನಿಸಿಕೊಂಡರೆ ನಾನಾಗಲಿ ವಾಗೀಶ್ ಆಗಲಿ ತಮ್ಮ ಹತ್ತಿರ ಬರುವುದಿಲ್ಲ. ಅತ್ತೆಯವರ ಶೇಂಗಾ ಬುಟ್ಟಿಯನ್ನು ತಮ್ಮ ಪಕ್ಕಕ್ಕೇ ಸರಿಸಿದ್ದೇವೆ.