ಎಂಟನೇ ಠರಾವು

ಮಧುಕರನ ಕಷ್ಟಕ್ಕೆಲ್ಲ ಮೂಲ ಒಂದು ರಬ್ಬರ್ ಸ್ಟಾಂಪು. ದುಂಡಗಿನ, ನೀಲಿ ಶಾಯಿಯ, ಸುತ್ತ ‘ಲ್ಯಾವಿಂಗ್ಟನ್ ಕನ್ನಡ ಬಳಗ, ನೈರೋಬಿ’ ಎಂದು ಕೆತ್ತಿದ ಸ್ಟಾಂಪು. ನೈರೋಬಿಯಲ್ಲಿ ಸ್ಟಾಂಪಿಲ್ಲದ ಕಾಗದವನ್ನು ಯಾರೂ ಕಾಗದ ಅನ್ನುವುದಿಲ್ಲ. ಬಳಗದ ಸ್ಟಾಂಪು ಕಾರ್ಯದರ್ಶಿಯ ಹತ್ತಿರ ಇರಬೇಕೆಂಬುದು ನಿಯಮ, ಮೂರು ವರ್ಷದಿಂದ ಆ ಕಾರ್ಯದರ್ಶಿ ಮಧುಕರ. ವಾರವಿಡೀ ಅಪ್ಪರ್ ಹಿಲ್ಲಿನ ಬ್ಯಾಂಕಿನಲ್ಲಿ ಕಂಪ್ಯೂಟರ್ ಕಾಯುತ್ತಿದ್ದ, ವಾರದ ಕೊನೆಯಲ್ಲಿ ಸ್ಟಾಂಪು ಕಾಯುತ್ತಿದ್ದ.

ಈ ಶನಿವಾರ ಅವನಿಗೆ ಬಿಡುಗಡೆ ಸಿಗಲೇಬೇಕಿತ್ತು. ಮುಂದಿನ ಶನಿವಾರದ ಮೊಂಬಾಸಾ ರೈಲಿಗೆ ಮೂರು ಟಿಕೆಟ್ ಆಗಿದ್ದವು. ಇದೇ ಪ್ರವಾಸ ಬಳಗದ ಕೆಲಸದಿಂದ ಎರಡು ಸಲ ತಪ್ಪಿಹೋಗಿತ್ತು. ಹೆಂಡತಿ ಮೈಥಿಲಿ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಹೇಳಿಯಾಗಿತ್ತು: “ಇವತ್ತು ರಾಜೀನಾಮೆ ಕೊಟ್ಟು ಬನ್ನಿ. ಇಲ್ಲಾಂದ್ರೆ ನಾನೂ ಅಮೂಲ್ಯನೂ ಸಮುದ್ರ ನೋಡ್ಕೊಂಡು ಬರ್ತೀವಿ, ನೀವು ಸ್ಟಾಂಪ್ ನೋಡ್ಕೊಂಡಿರಿ.”

ರಾಜೀನಾಮೆ ಕೊಡುವುದೂ ಸುಲಭವಾಗಿರಲಿಲ್ಲ. ಅದನ್ನು ವಾರ್ಷಿಕ ಸಭೆಯಲ್ಲೇ ಠರಾವು ಮಾಡಿ ಅಂಗೀಕರಿಸಬೇಕು. ಆ ಸಭೆ ಇವತ್ತು ಮಧ್ಯಾಹ್ನ ಮೂರಕ್ಕೆ, ಅವರದೇ ಕಾಂಪೌಂಡಿನ ಕ್ಲಬ್ ಹೌಸಿನಲ್ಲಿತ್ತು. ಬಳಗದ ಪದ್ಧತಿಯಂತೆ ಟೀಗೆ ಮುಂಚೆ ಹಳೆಯ ಅಧ್ಯಕ್ಷರದೇ ರಾಜ್ಯ, ಟೀ ಆದಮೇಲೆ ಹೊಸಬರದು. ಹಳೆಯ ಅಧ್ಯಕ್ಷ ಕಾಜಿಟನ್ ಲೋಬೊ ಮೊದಲನೇ ಮಹಡಿಯಲ್ಲಿದ್ದರು. ಹೊಸ ಅಧ್ಯಕ್ಷ ವಿಶ್ವನಾಥ ಮೂರನೇ ಮಹಡಿಯಲ್ಲಿದ್ದ. ಎರಡನೆಯದರಲ್ಲಿ ಮಧುಕರ. ಲಿಫ್ಟು ಕೆಟ್ಟು ಎರಡು ತಿಂಗಳಾಗಿತ್ತು.

ಒಂಬತ್ತಕ್ಕೇ ಕಾಜಿಟನ್ನರ ಕರೆ ಬಂತು.

“ಬಾ ಮಾರಾಯ, ಕೂತ್ಕೊ. ಜೂಡಿತ್, ಚಾ ಹಾಡ್!” ಎಂದು ಚಹಾ ತರಲು ಹೆಂಡತಿಗೆ ಕೊಂಕಣಿಯಲ್ಲಿ ಕೂಗಿ ಅವರು ಒಂದು ಚೀಟಿ ತೆಗೆದರು. “ದೊಡ್ಡ ದೊಡ್ಡ ದೇಶದ ಅಧ್ಯಕ್ಷರೇ ಇಳಿಯುವ ಮೊದಲು ರಾಶಿ ರಾಶಿ ಕಾನೂನು ಮಾಡಿ ಹೋಗ್ತಾರೆ. ನಾನು ಬರೇ ಏಳು ಮಾಡ್ತೇನೆ. ನೀನು ಚಂದ ಭಾಷೆಯಲ್ಲಿ ಬರ್ದು ಕೊಡು.”

ಮಧುಕರ ಓದಿದ. ಮಾಜಿ ಅಧ್ಯಕ್ಷರಿಗೆ ಎಲ್ಲ ಸಮಾರಂಭದಲ್ಲೂ ಮುಂದಿನ ಸಾಲಿನ ಕುರ್ಚಿ, ಹತ್ತು ನಿಮಿಷದ ಮೈಕು. ಪಿಕ್‌ನಿಕ್ ಎಂದೆಂದಿಗೂ ಕರೂರಾ ಕಾಡಿನ ಅದೇ ಮರದ ಕೆಳಗೆ. ಐದನೆಯದನ್ನು ಅವನು ಎರಡು ಸಲ ಓದಿದ: ರಾಜ್ಯೋತ್ಸವಕ್ಕೆ ಹೊರಗಿನ ಊಟ ನಿಷೇಧ, ಪ್ರತಿ ಮನೆಯಿಂದ ಕೈಯಾರೆ ಮಾಡಿದ ನಲವತ್ತು ಹೋಳಿಗೆ ಕಡ್ಡಾಯ.

“ಸರ್, ನನ್ನ ರಾಜೀನಾಮೆ?”

“ಅದು ಎಂಟನೇದು. ಕೊನೆಗೆ ಹಾಕು. ಮೊದಲೇ ಬಿಟ್ರೆ ಉಳಿದದ್ದು ಓದುವವರು ಯಾರು? ಏಳೂ ಪಾಸಾದ್ರೆ ನಿಂದೂ ಪಾಸು. ಆಯ್ತಲ್ಲ?”

ಮೂರು ವರ್ಷದಲ್ಲಿ ಮೊದಲ ಸಲ ‘ಮುಂದಿನ ವರ್ಷ ನೋಡುವ’ ಅನ್ನದೆ ಒಪ್ಪಿದ್ದರು. ಮಧುಕರ ಅವರ ಕೈ ಹಿಡಿದು ಕುಲುಕಿ, ಎಂಟನ್ನೂ ಬರೆದು ಮುಗಿಸಿ ಮೆಟ್ಟಿಲು ಹತ್ತಿದ. ತನ್ನ ಬಾಗಿಲು ಮುಟ್ಟುವ ಮೊದಲೇ ಮೇಲಿನಿಂದ ದನಿ ಬಂತು.

“ಗುರೂ, ಕಾಜಿಟನ್ ಅಂಕಲ್ ಏನೋ ಲಾಸ್ಟ್ ಮಿನಿಟ್ ಪಾಸ್ ಮಾಡಿಸ್ತಿದಾರಂತೆ? ಬಾ ಇಲ್ಲಿ.”

ವಿಶ್ವನಾಥ ಟೆಲಿಕಾಂ ಕಂಪನಿಯವನು. ಅವನ ಮನೆಯ ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ಮೊದಲ ನೂರು ದಿನ’ ಎಂದಿತ್ತು. “ಪ್ರಯಾರಿಟಿ ನಂಬರ್ ಒನ್, ಬಳಗದ ಆ್ಯಪ್. ಮುಂದಿನ ಶನಿವಾರನೇ ಲಾಂಚು. ಕಾರ್ಯದರ್ಶಿ ಇಡೀ ದಿನ ಹೆಲ್ಪ್ ಡೆಸ್ಕಲ್ಲಿ ಇರ್ತಾರೆ.”

“ನಾನು ಬಿಡ್ತಾ ಇದೀನಿ ವಿಶ್ವನಾಥ್.”

“ಬಿಡು, ನನಗೇನು? ನಾನು ಬೇರೆಯವರನ್ನ ನೋಡ್ಕೋತೀನಿ. ಆದ್ರೆ ಒಂದು ಕೆಲಸ ಮಾಡ್ಕೊಟ್ಟು ಹೋಗು. ಅವರದೆಲ್ಲಾ ಕ್ಯಾನ್ಸಲ್ ಆಗೋ ಥರ ಒಂದು ಡ್ರಾಫ್ಟ್. ಒಂದೊಂದಾಗಿ ಮಾಡಕ್ಕೆ ಹೋದ್ರೆ ಅಂಕಲ್ ರಾತ್ರಿ ತನಕ ವಾದ ಮಾಡ್ತಾರೆ.”

ಹೋಗುವವನಿಗೆ ಯಾರ ಮೇಲೆ ಯಾಕೆ ದ್ವೇಷ? ಅಲ್ಲದೆ ನಲವತ್ತು ಹೋಳಿಗೆ ಬೇರೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮಧುಕರ ಪೆನ್ನು ಕಚ್ಚಿ ಯೋಚಿಸಿ ಎರಡೇ ಸಾಲು ಬರೆದ. ‘ನಿರ್ಗಮಿತ ಅಧ್ಯಕ್ಷರು ಇಂದು ಮಂಡಿಸಿ ಪಾಸು ಮಾಡಿಸಿದ ಎಲ್ಲ ಠರಾವುಗಳೂ ಈ ಕ್ಷಣದಿಂದ ರದ್ದು. ರದ್ದಾದ ಯಾವ ವಿಷಯವನ್ನೂ ಮುಂದಿನ ವಾರ್ಷಿಕ ಸಭೆಯವರೆಗೆ ಯಾರೂ ಮತ್ತೆ ಎತ್ತುವಂತಿಲ್ಲ.’

ವಿಶ್ವನಾಥ ಓದಿ ಅವನ ಬೆನ್ನು ತಟ್ಟಿದ. “ಗುರೂ, ಒಂದು ಸೂಜಿ ತೂರಕ್ಕೂ ಜಾಗ ಬಿಟ್ಟಿಲ್ವಲ್ಲ!”

ಬ್ಯಾಂಕಿನಲ್ಲಿ ಹತ್ತು ವರ್ಷದಲ್ಲಿ ಯಾರೂ ಹೀಗೆ ಬೆನ್ನು ತಟ್ಟಿರಲಿಲ್ಲ. ಮಧುಕರನಿಗೆ ನಿಜವಾಗಿಯೂ ಖುಷಿಯಾಯಿತು.

ಎರಡೂ ಕಾಗದ ಹಿಡಿದು ಪ್ರಿಂಟ್ ಅಂಗಡಿಗೆ ಓಡಿದ. ಅಂಗಡಿಯಾಕೆ ಪ್ರತಿಗಳನ್ನು ತೆಗೆದು, ತಿರುಗಿಸಿ ನೋಡಿ, ಬರಿಗಾಲಲ್ಲಿ ಮದುವೆಗೆ ಬಂದವನನ್ನು ನೋಡುವಂತೆ ನೋಡಿದಳು. “ಬ್ವಾನಾ, ಸ್ಟಾಂಪ್?” ಮಧುಕರ ನಾಚಿ ಅಲ್ಲೇ ಜೇಬಿನಿಂದ ತೆಗೆದು ಎಲ್ಲದರ ಬೆನ್ನಿಗೂ ಗುದ್ದಿದ. “ಸವಾ,” ಈಗ ಸರಿಯಾಯಿತು ಎಂದು ಅವಳು ಸಮಾಧಾನದಿಂದ ತಲೆಯಾಡಿಸಿದಳು. “ಅಸಾಂಟೆ,” ಎಂದು ಧನ್ಯವಾದ ಹೇಳಿ ಇವನು ಹೊರಬಿದ್ದ.

ಮನೆಗೆ ಬಂದು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮೈಥಿಲಿಯ ಕೈಯಲ್ಲಿ ಕಾಜಿಟನ್ನರ ಪಟ್ಟಿ ಇತ್ತು.

“ನಲವತ್ತು ಹೋಳಿಗೆ! ಇದನ್ನ ಬರೆದಿದ್ಯಾರು?”

“ಕಾಜಿಟನ್...”

“‘ಕೈಯಾರೆ, ಮನಸಾರೆ’ ಅಂತ ಅವರು ಬರೀತಾರಾ? ಇದು ನಿಮ್ಮದೇ ಭಾಷೆ. ಬೇಳೆ ರುಬ್ಬೋದು ಯಾರು, ನಿಮ್ಮ ಸ್ಟಾಂಪಾ?”

“ಅಯ್ಯೋ, ಕೇಳು ಇಲ್ಲಿ. ಟೀ ಆದ್ಮೇಲೆ ಇನ್ನೊಂದು ಕಾಗದ ಬರತ್ತೆ. ಎಲ್ಲ ರದ್ದು. ನೀವು ಹೆಂಗಸರೆಲ್ಲ ಕೈ ಎತ್ತಿದ್ರೆ ಮುಗೀತು. ಹೋಳಿಗೆ ಇಲ್ಲ, ಏನಿಲ್ಲ.”

ಮೈಥಿಲಿ ಆಗಲೇ ಫೋನು ಹಿಡಿದಿದ್ದಳು. ಹತ್ತು ನಿಮಿಷದಲ್ಲಿ ಗಿಗಿರಿಯಿಂದ ಲ್ಯಾವಿಂಗ್ಟನ್ ತನಕ ಇಪ್ಪತ್ತೆರಡು ಮನೆಯ ಹೆಂಗಸರಿಗೆ ವಿಷಯ ಮುಟ್ಟಿತು.

ಮೂರಕ್ಕೆ ಸಭೆ ಸೇರಿತು. ಕಾಜಿಟನ್ ಸೂಟು ಹಾಕಿದ್ದರು. ಎಲ್ಲರ ಕಣ್ಣೂ ಸಮೋಸಾದ ಮೇಲಿದ್ದುದರಿಂದ ಠರಾವುಗಳು ನೈರೋಬಿಯ ಮಟಾಟು ವ್ಯಾನಿಗಿಂತ ಜೋರಾಗಿ ಓಡಿದವು. ಹೋಳಿಗೆಗೂ ಹೆಂಗಸರು ತುಟಿ ಬಿಚ್ಚಲಿಲ್ಲ. “ಎಂಟನೇದು, ಕಾರ್ಯದರ್ಶಿ ಮಧುಕರರ ರಾಜೀನಾಮೆಯನ್ನು ಕೃತಜ್ಞತೆಯಿಂದ ಅಂಗೀಕರಿಸಲಾಗಿದೆ!” ಚಪ್ಪಾಳೆ ಬಿತ್ತು. ಮಧುಕರನಿಗೆ ಕಣ್ಣು ಒದ್ದೆಯಾಯಿತು. ಟೀ ಕುಡಿಯುತ್ತಾ ಮಗಳ ಹತ್ತಿರ ಹೋಗಿ, “ಮೊಂಬಾಸಾದಲ್ಲಿ ಒಂಟೆ ಮೇಲೆ ಕೂರಿಸ್ತೀನಿ ಪುಟ್ಟಿ,” ಎಂದ.

“ಪ್ರಾಮಿಸ್, ಡ್ಯಾಡ್? ಲೈಕ್, ರಿಯಲ್ ಪ್ರಾಮಿಸ್?” ಎಂದಳು ಅಮೂಲ್ಯ.

“ರಿಯಲ್ ಪ್ರಾಮಿಸ್.”

ಟೀ ಮುಗಿಯಿತು. ವಿಶ್ವನಾಥ ಕುರ್ಚಿಯಲ್ಲಿ ಕೂತವನೇ ಎರಡು ಸಾಲು ಓದಿದ. ಕಾಜಿಟನ್ ಎದ್ದು ನಿಲ್ಲುವ ಮೊದಲೇ ಮೈಥಿಲಿ ಕೈ ಎತ್ತಿದಳು. ಒಂದಲ್ಲ, ಎರಡೂ. ಅವಳ ಹಿಂದೆ ಇಪ್ಪತ್ತೆರಡು ಮನೆಯ ಬಳೆಗಳು ಝಣಝಣ ಎಂದವು. ಭಾರೀ ಬಹುಮತದಿಂದ ಎಲ್ಲವೂ ರದ್ದಾಯಿತು.

ಕಾಜಿಟನ್ ಬೆರಳು ಮಡಚಿ ಲೆಕ್ಕ ಹಾಕಿದರು. ಎಂಟನೇ ಬೆರಳಿಗೆ ಬಂದಾಗ ಅವರ ಮುಖ ಅರಳಿತು.

“ಎಲ್ಲ ಅಂದ್ರೆ ಎಲ್ಲವಾ, ಅಧ್ಯಕ್ಷರೇ? ಎಂಟನೇದೂ?”

ಮಧುಕರನ ಕೈಯಲ್ಲಿದ್ದ ಸಮೋಸಾ ಅಲ್ಲೇ ನಿಂತಿತು. “ಅದು... ಅದು ಬೇರೆ ವಿಷಯ,” ಎಂದು ತೊದಲಿದ.

“ಬೇರೆ ಹೇಗೆ ಮಾರಾಯ? ನಾನೇ ಮಂಡಿಸಿದ್ದಲ್ಲವಾ? ಎಂಟನೇದು ಬಿಟ್ರೆ ನಂದು ಏಳೂ ಬಿಡ್ಬೇಕು. ಹೋಳಿಗೆ ಸಮೇತ.”

ಹೆಂಗಸರ ಕಡೆಯಿಂದ ‘ಬೇಡ ಬೇಡ’ ಎಂಬ ಗದ್ದಲವೆದ್ದಿತು. ವಿಶ್ವನಾಥ ಅಸಹಾಯಕನಾಗಿ ಕಾಗದ ನೋಡಿದ. “ಸರಿ ಗುರು, ಹೊಸದಾಗಿ ಇನ್ನೊಂದು ರಾಜೀನಾಮೆ ಕೊಡು, ಈಗ್ಲೇ ಪಾಸ್ ಮಾಡ್ತೀನಿ,” ಎಂದವನು ಕಾಗದದ ಎರಡನೇ ಸಾಲಿಗೆ ಬಂದು ನಿಂತ. “‘ಮುಂದಿನ ವಾರ್ಷಿಕ ಸಭೆಯವರೆಗೆ ಯಾರೂ ಮತ್ತೆ ಎತ್ತುವಂತಿಲ್ಲ.’ ಅಯ್ಯೋ. ಯಾಕೆ ಇಷ್ಟು ಚೆನ್ನಾಗಿ ಬರೆದೆ?”

ಮಧುಕರ ಮೈಥಿಲಿಯ ಕಡೆ ತಿರುಗಿದ. ಅವಳ ಎರಡೂ ಕೈ ಇನ್ನೂ ಅರ್ಧ ಮೇಲೆಯೇ ಇದ್ದವು. ಮೆಲ್ಲಗೆ ಇಳಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು.

“ಡ್ಯಾಡ್,” ಎಂದಳು ಅಮೂಲ್ಯ, “ಹೂ ರೈಡ್ಸ್ ಯುವರ್ ಕ್ಯಾಮೆಲ್?”

ಕಾಜಿಟನ್ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದರು. “ಬೇಜಾರು ಮಾಡ್ಬೇಡ. ಬರುವ ವರ್ಷ ನಾನು ಪುನಃ ನಿಲ್ತೇನೆ. ಗೆದ್ರೆ ನಿಂದೇ ಮೊದಲನೇ ಠರಾವು.”

“ಕಾರ್ಯದರ್ಶಿಗಳೇ,” ಎಂದು ವಿಶ್ವನಾಥ ರದ್ದತಿಯ ಪ್ರತಿಯನ್ನು ಮುಂದೆ ಚಾಚಿದ. “ಶನಿವಾರ ಎಂಟಕ್ಕೇ ಹೆಲ್ಪ್ ಡೆಸ್ಕು. ಈಗ ಇದಕ್ಕೊಂದು ಸ್ಟಾಂಪ್ ಹಾಕ್ಬಿಡಿ, ಅಧಿಕೃತ ಆಗ್ಲಿ.”

ಮಧುಕರ ಜೇಬಿಗೆ ಕೈ ಹಾಕಿ, ಕಾಗದ ತಿರುಗಿಸಿ ನೋಡಿದ. ಸ್ಟಾಂಪು ಆಗಲೇ ಬಿದ್ದಿತ್ತು. ಬೆಳಿಗ್ಗೆ ತಾನೇ ಹಾಕಿದ್ದು. ದುಂಡಗೆ, ನೀಲಿಯಾಗಿ, ಒಂದಿಷ್ಟೂ ಹರಡದೆ.