ನಿಂಬೆ ಗಿಡದ ಕುಂಡ ತೊಳೆದ ಪ್ರಸಂಗ

ತಿಂಗಳ ಮಟ್ಟಿಗೆ ತಂಗಿಯ ಮನೆಗೆ ಹೋದ ಹೆಂಡತಿ ವಾಪಸ್ ಬರುವಷ್ಟರಲ್ಲಿ ನಮ್ಮ ಮಹಡಿ ಕನ್ನಡಿಯ ಹಾಗೆ ಹೊಳೆಯದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಪಣ ತೊಟ್ಟೆ! ಬಾಯಿಮಾತಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ವಚ್ಛತಾ ಮೇಲ್ವಿಚಾರಕ ನಾನು. ನನ್ನನ್ನು ಕಂಡರೆ ಧೂಳು ತಾನಾಗಿಯೇ ಎದ್ದು ನಿಲ್ಲುತ್ತದೆ.

ಮಹಡಿಯಲ್ಲಿ ನನಗಿದ್ದ ಏಕೈಕ ಶತ್ರು ದೊಡ್ಡ ಕುಂಡದ ನಿಂಬೆ ಗಿಡ. ಮಾವನವರು ತೀರಿಕೊಂಡ ವರ್ಷ ತಾವೇ ಸಸಿ ಮಾಡಿ ಮಗಳ ಕೈಗೆ ಕೊಟ್ಟದ್ದು. ಬುಡದಲ್ಲಿ ಒಣಗಿದ ಎಲೆ, ತರಕಾರಿ ಸಿಪ್ಪೆ, ಅದರಡಿ ಎರೆಹುಳುಗಳ ತುಂಬು ಸಂಸಾರ. "ರೀ, ದಿನಾ ಒಂದು ಚೊಂಬು ನೀರು ಹಾಕಿ. ಬೇರೇನೂ ಮಾಡ್ಬೇಡಿ" ಎಂದು ಹೊರಡುವಾಗ ಮೂರು ಸಲ ಹೇಳಿದ್ದಳು. ಮೂರು ಸಲವೂ ನನ್ನ ಕಿವಿ ನೀರಿನವರೆಗೆ ಕೇಳಿಸಿಕೊಂಡು ನಿಂತಿತು.

ಎಲೆ, ಸಿಪ್ಪೆ, ಹುಳು, ಹುಳುವಿದ್ದ ಮಣ್ಣು ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿದೆ. ಆ ಜಾಗಕ್ಕೆ ಏಳು ಸಲ ತೊಳೆದ ಮರಳು ಹಾಕಿದೆ. ಗಿಡದ ಎಲೆಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕಸದ ಗಾಡಿಯ ಅಕ್ಕ ಚೀಲದೊಳಗೆ ಇಣುಕಿದಳು.

"ಅಣ್ಣ, ಇದು ಕಸ ಅಲ್ಲ."

"ಕಸದ ವಿಷಯ ನನಗೇ ಹೇಳಿಕೊಡ್ತೀಯಾ?" ಎಂದೆ. ಅವಳು ಚೀಲವನ್ನು ಗಾಡಿಯ ಮುಂದುಗಡೆ ಬೇರೆಯಾಗಿ ಇಟ್ಟುಕೊಂಡಳು.

ಎರಡು ವಾರಕ್ಕೆ ಗಿಡ ಹಳದಿಯಾಯಿತು. ಬಾಯಾರಿಕೆ ಇರಬೇಕೆಂದು ಮೂರು ಚೊಂಬು ನೀರು ಹೊಯ್ದೆ. ಎಲೆಗಳೆಲ್ಲ ಉದುರಿದವು. ಅಭ್ಯಾಸಬಲ ನೋಡಿ, ಅವನ್ನೂ ಗುಡಿಸಿ ಎಸೆದೆ! ಹೆಂಡತಿ ಬರಲು ಒಂದು ವಾರ ಉಳಿದಿತ್ತು. ಸತ್ತ ಮಾವನವರನ್ನು ಎರಡನೇ ಸಲ ಸಾಯಿಸಿದ ಅಳಿಯ ಎಂಬ ಬಿರುದು ಕಣ್ಣಮುಂದೆ ಬಂತು. ಅದು ಕಸ ಅಲ್ಲ ಎಂದಿದ್ದ ಗಾಡಿಯ ಅಕ್ಕನ ಮನೆ ಹುಡುಕಿಕೊಂಡು ಓಡಿದೆ.

ಅವಳ ಹಿತ್ತಲಲ್ಲಿ ಒಡೆದ ಟಬ್ಬಿನೊಳಗೆ ನನ್ನ ಹುಳುಗಳೆಲ್ಲ ಸುಖವಾಗಿದ್ದವು.

"ಊಟದ ತಟ್ಟೆ ಕಿತ್ಕೊಂಡು ನೀರು ಕುಡಿ ಅಂದ್ರೆ ಗಿಡ ಏನ್ ಮಾಡುತ್ತಣ್ಣ?" ಎಂದಳು.

"ಬಿಸಿಲಿತ್ತಲ್ಲ, ಅದು ಊಟ ಅಲ್ವಾ?"

"ಬಿಸಿಲು ಒಲೆ. ಎಲೆ ಅಡುಗೆ ಮಾಡೋದು ಆ ಒಲೇಲೇ. ಆದ್ರೆ ಉಪ್ಪು, ಹುಳಿ ಬೇಡ್ವಾ? ಉದುರಿದ ಎಲೆ ತಿಂದು ಅದನ್ನ ಬೇರಿಗೆ ವಾಪಸ್ ಕೊಡೋರು ಇವ್ರು. ಒಲೆ ಉರಿ ಆಕಾಶದಿಂದ ದಿನಾ ಹೊಸದಾಗಿ ಬರುತ್ತೆ. ಅಡುಗೆ ಸಾಮಾನು ಮಾತ್ರ ಇದ್ದಿದ್ದೇ ಸುತ್ತಿ ಸುತ್ತಿ ಬರಬೇಕು."

ಅರ್ಧ ಟಬ್ಬು ಮಣ್ಣನ್ನು ಹುಳುಗಳ ಸಮೇತ ಕೊಟ್ಟಳು. ಆವತ್ತು ನಾನು ಅಂದ ಮಾತನ್ನು ಎತ್ತಿ ಆಡಲಿಲ್ಲ. ಅದಕ್ಕಾಗಿಯೇ ಅವಳಿಗೆ ಕೈ ಮುಗಿದೆ. ಮನೆಗೆ ಬಂದು ಮರಳು ತೆಗೆದು ಆ ಮಣ್ಣನ್ನು ಕುಂಡಕ್ಕೆ ತುಂಬಿದೆ.

ಹೆಂಡತಿ ಬಂದವಳೇ ಮಹಡಿ ಹತ್ತಿದಳು. ಬೋಳು ಕಡ್ಡಿಯನ್ನು ಬೆರಳಲ್ಲಿ ಸವರಿದಳು. "ಅಪ್ಪನ ಹತ್ರ ಮಾತಾಡ್ಬೇಕು ಅನ್ಸಿದ್ರೆ ಇಲ್ಲಿಗೆ ಬರ್ತಿದ್ದೆ ಕಣ್ರೀ" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಹಡಿಯೇನೋ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಆದರೂ ಮೀಸೆಯನ್ನು ಆ ಸಂಜೆಯೇ ಬೋಳಿಸಿದೆ.

ಐದು ವಾರ ಸಿಪ್ಪೆ ಹೆಚ್ಚಿ ಹುಳುಗಳಿಗೆ ಬಡಿಸಿದವನು ನಾನೇ. ಆರನೇ ವಾರ ಒಂದು ಚಿಗುರು ಮೂಡಿತು. ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತಳು, ನಾನೂ ಅತ್ತೆ. ಮೊದಲ ಕೊಯ್ಲು ಗಾಡಿಯ ಅಕ್ಕನಿಗೆ ಎಂದು ಅಲ್ಲೇ ತೀರ್ಮಾನವಾಯಿತು.

ಇವತ್ತು ಬೆಳಿಗ್ಗೆ ನೋಡಿದರೆ ಚಿಗುರಿನ ಮೇಲೆ ದಪ್ಪನೆಯ ಹಸಿರು ಕಂಬಳಿಹುಳು ಕೂತು ಆರಾಮವಾಗಿ ಮೇಯುತ್ತಿದೆ. ಈಗ ನಾನು ಬುದ್ಧಿವಂತ, ಕೇಳದೆ ಮುಟ್ಟುವುದಿಲ್ಲ.

"ಏನೇ, ಇದನ್ನ ತೆಗೀಲಾ?"

ಅವಳು ಹುಳುವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇರ್ಲಿ ಬಿಡಿ. ಕೂತ್ಕೊಂಡು ತಿನ್ನೋ ಒಬ್ರನ್ನ ಇಪ್ಪತ್ತು ವರ್ಷ ಸಾಕಿದೀನಿ. ಇದಾದ್ರೂ ಮುಂದೆ ಚಿಟ್ಟೆ ಆಗುತ್ತೆ."